ಮೇಲಿನ ಮನೆಯ ಭವಿಷ್ಯವಾಣಿ

ನಮ್ಮ ಮೇಲಿನ ಮನೆಯ ರಾಯರಿಗೆ ಮುಂದೆ ಆಗುವುದೆಲ್ಲ ಅರ್ಧ ನಿಮಿಷ ಮೊದಲೇ ಗೊತ್ತಾಗುತ್ತದೆ. ತಪಸ್ಸು ಮಾಡಿ ಪಡೆದ ವರ ಅಲ್ಲ ಇದು. ಅವರ ಮನೆಗೆ ಡಿಶ್ ಇದೆ. ನಾವು ಡಿಶ್ ತೆಗೆಸಿ, ಇಂಟರ್ನೆಟ್ಟಿನಲ್ಲೇ ಮ್ಯಾಚ್ ನೋಡುವ ಆಧುನಿಕರು. ಅಷ್ಟೇ ವ್ಯತ್ಯಾಸ.

ಇಂಟರ್ನೆಟ್ಟಿನಲ್ಲಿ ಆಟ ಸೀದಾ ಮನೆಗೆ ಬರುವುದಿಲ್ಲ. ವಿಡಿಯೋವನ್ನು ಕೆಲವೇ ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ. ನಡುವೆ ನಿಂತು ಹೋಗದಿರಲಿ ಅಂತ ನಮ್ಮ ಟಿವಿ ಕೆಲವು ತುಂಡುಗಳನ್ನು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಹಾಗಾಗಿ ನಮ್ಮ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ ನಿಂತಿರುವಾಗಲೇ ರಾಯರ ಮನೆಯಲ್ಲಿ ಬ್ಯಾಟ್ಸ್‌ಮನ್ ಔಟಾಗಿ ಗ್ಲೌಸ್ ಬಿಚ್ಚುತ್ತಿರುತ್ತಾನೆ.

ಇದೆಲ್ಲ ನಮಗೆ ತಿಳಿಯಬೇಕಿರಲಿಲ್ಲ. ಆದರೆ ರಾಯರದು ಮನಸಾರೆ ಆಟ ನೋಡುವ ಜೀವ. ಫೋರ್ ಹೋದರೆ "ಹೊಡಿ!" ಅನ್ನುತ್ತಾರೆ. ಹೊಡೆದಾದ ಮೇಲೆ ಹೊಡಿ ಅನ್ನುವುದು ಯಾಕೋ, ಆ ದೇವರಿಗೇ ಗೊತ್ತು. ಸಿಕ್ಸರ್ ಆದರೆ ಕಾಲಿನಿಂದ ನೆಲ ಕುಟ್ಟುತ್ತಾರೆ, ನಮ್ಮ ಫ್ಯಾನು ಒಂದು ಸಲ ಅಲ್ಲಾಡುತ್ತದೆ. ಕ್ಯಾಚ್ ಬಿಟ್ಟರೆ "ಥೂ ನಿನ್ನ." ಎದುರಾಳಿಯ ವಿಕೆಟ್ ಬಿದ್ದರೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ನಮ್ಮವರ ವಿಕೆಟ್ ಬಿದ್ದರೆ ಮಾತ್ರ ಪೂರ್ತಿ ಮೌನ. ಆ ಮೌನ ಇದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಮೇಲೆ ಸದ್ದು ನಿಂತ ಕೂಡಲೇ ನಾವು ಕೆಳಗೆ ಸೂತಕದವರ ಹಾಗೆ ಕೂರುತ್ತೇವೆ. ಟಿವಿಯಲ್ಲಿ ನಮ್ಮ ಬ್ಯಾಟ್ಸ್‌ಮನ್ ಗಾರ್ಡ್ ತೆಗೆದುಕೊಂಡು, ಫೀಲ್ಡರ್‌ಗಳನ್ನು ಒಮ್ಮೆ ನೋಡಿ, ಧೈರ್ಯವಾಗಿ ನಗುತ್ತಾನೆ. ಪಾಪ, ಅವನಿಗಿನ್ನೂ ಗೊತ್ತಿಲ್ಲ.

ನನ್ನ ಹೆಂಡತಿ ಈ ವ್ಯವಸ್ಥೆಗೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ. ದೋಸೆ ಹುಯ್ಯುತ್ತಾ ಅಡುಗೆಮನೆಯಲ್ಲೇ ಇರುತ್ತಾಳೆ. ಮೇಲೆ ಕುರ್ಚಿ ಸರಿದರೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ನಿಧಾನವಾಗಿ ಬಂದು ವಿಕೆಟ್ ನೋಡಿಕೊಂಡು ಹೋಗುತ್ತಾಳೆ. "ಇನ್ನೂ ಹಾಕಿಲ್ವಾ ಬಾಲು?" ಅಂತ ನನ್ನನ್ನೇ ಕೇಳುತ್ತಾಳೆ.

ಮೊನ್ನೆ ಭಾನುವಾರ ಕೊನೆಯ ಓವರ್. ಕೊನೆಯ ಬಾಲಿಗೆ ಆರು ಬೇಕು. ನಾನು ಸೋಫಾದ ತುದಿಗೆ ಬಂದು ಕೂತಿದ್ದೆ. ನಮ್ಮಲ್ಲಿ ಕ್ಯಾಪ್ಟನ್ ಇನ್ನೂ ಫೀಲ್ಡಿಂಗ್ ಸರಿಮಾಡುತ್ತಿದ್ದಾನೆ. ಮೇಲಿನಿಂದ ದಡ್ ಅಂತ ಸದ್ದು. ಫ್ಯಾನು ಅಲ್ಲಾಡಿತು. ಮುಗೀತು. ಆಮೇಲಿನ ಅರ್ಧ ನಿಮಿಷ ನಾನು ನೋಡಿದ್ದು ಮ್ಯಾಚ್ ಅಲ್ಲ, ಅದರ ವರದಿ. ಸ್ಟೇಡಿಯಮ್ಮಿನಲ್ಲಿ ಜನ ಉಗುರು ಕಚ್ಚುತ್ತಿದ್ದರು. ನಾನು ದೋಸೆಗೆ ಚಟ್ನಿ ಹಾಕಿಕೊಳ್ಳುತ್ತಿದ್ದೆ. ಗೆದ್ದ ಸಿಟ್ಟು ಅಂತ ಒಂದಿದೆ ಅಂತ ನನಗೆ ಗೊತ್ತಾದದ್ದು ಅವತ್ತೇ.

"ಸ್ಪಾಯಿಲರ್ ತಾತ" ಅಂದ ಮಗ, ಕೊನೆಯನ್ನು ಮೊದಲೇ ಬಿಟ್ಟುಕೊಟ್ಟು ಮಜಾ ಕೆಡಿಸುವ ತಾತ ಅಂತ. ಸಿಟ್ಟನ್ನು ಎಲ್ಲಾದರೂ ತೀರಿಸಿಕೊಳ್ಳಬೇಕಿತ್ತು, ನಿಘಂಟು ತೆಗೆದೆ.

ಇಂಗ್ಲಿಷಿನ ಸ್ಪಾಯಿಲ್ ಹುಟ್ಟಿದ್ದು ಲ್ಯಾಟಿನ್ನಿನ ಸ್ಪೋಲಿಯಂ ಎಂಬ ಮಾತಿನಿಂದ. ಪ್ರಾಣಿಯಿಂದ ಸುಲಿದ ಚರ್ಮ ಅಂತ ಅದರ ಅರ್ಥ. ಆಮೇಲೆ ಯುದ್ಧದಲ್ಲಿ ಬಿದ್ದ ಶತ್ರುವಿನ ಮೈಮೇಲಿಂದ ಬಿಚ್ಚಿಕೊಂಡ ಕವಚ, ಆಯುಧಗಳಿಗೂ ಅದೇ ಹೆಸರಾಯಿತು. ರೋಮಿನ ವೀರರು ಅದನ್ನು ಮನೆ ಬಾಗಿಲ ಬಳಿ ನೇತುಹಾಕುತ್ತಿದ್ದರು. ಮನೆ ಮಾರಿದರೂ ಕೊಂಡವನು ಅದನ್ನು ಕೆಳಗಿಳಿಸುವ ಹಾಗಿರಲಿಲ್ಲ ಅಂತ ಆ ಕಾಲದ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. (ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಇದನ್ನು ಓದದಿರಲಿ.) ಫ್ರೆಂಚ್ ದಾಟಿ ಈ ಮಾತು ಇಂಗ್ಲಿಷಿಗೆ ಬಂದಾಗಲೂ ಅರ್ಥ ದೋಚುವುದು ಅಂತಲೇ ಇತ್ತು. ಹಾಳು ಮಾಡು ಎಂಬ ಅರ್ಥ ಬಂದದ್ದು 16ನೇ ಶತಮಾನದಲ್ಲಿ. ಹಾಲು ಕೆಡುವುದು, ಮಗು ಕೆಡುವುದು, ಮೂಡು ಕೆಡುವುದು ಎಲ್ಲ ಆಮೇಲಿನ ಕಥೆ.

ರೋಮಿಗೇ ಯಾಕೆ ಹೋಗಬೇಕು? ವಿರಾಟಪರ್ವದಲ್ಲಿ ಉತ್ತರೆ ಬೃಹನ್ನಳೆಗೆ ಏನು ಹೇಳಿ ಕಳಿಸಿದಳು? ಯುದ್ಧ ಗೆದ್ದು ಬರುವಾಗ ನನ್ನ ಗೊಂಬೆಗಳಿಗೆ ಕೌರವರ ಬಟ್ಟೆ ತಂದುಕೊಡು ಅಂತ. ಅರ್ಜುನ ಮರೆಯಲಿಲ್ಲ. ಎಲ್ಲರನ್ನೂ ಮೂರ್ಛೆಗೆ ಕೆಡವಿ, ದ್ರೋಣ, ಕೃಪರ ಬಿಳಿ ಬಟ್ಟೆ, ಕರ್ಣನ ಹಳದಿ, ದುರ್ಯೋಧನ, ಅಶ್ವತ್ಥಾಮರ ನೀಲಿ ಬಟ್ಟೆ ಬಿಚ್ಚಿ ತಾ ಅಂತ ಉತ್ತರಕುಮಾರನನ್ನು ಕಳಿಸಿದ. ಭೀಷ್ಮರ ತಂಟೆಗೆ ಮಾತ್ರ ಹೋಗಬೇಡ, ಅವರಿಗೆ ಈ ಅಸ್ತ್ರದ ಮರ್ಮ ಗೊತ್ತು ಅಂತ ಎಚ್ಚರಿಸಿದ. ಇದಕ್ಕಿಂತ ಚೊಕ್ಕಟವಾದ ಸ್ಪೋಲಿಯಂ ರೋಮಿನವರ ಹತ್ತಿರವೂ ಇರಲಿಕ್ಕಿಲ್ಲ.

ಕಥೆಯ ಕೊನೆಯನ್ನು ಮೊದಲೇ ಬಿಟ್ಟುಕೊಡುವುದಕ್ಕೆ ಸ್ಪಾಯಿಲರ್ ಅನ್ನುವುದು ತೀರಾ ಹೊಸದು. 1971ರಲ್ಲಿ ಅಮೆರಿಕದ ನ್ಯಾಷನಲ್ ಲ್ಯಾಂಪೂನ್ ಎಂಬ ಹಾಸ್ಯ ಪತ್ರಿಕೆ ಆ ತಲೆಬರಹ ಹಾಕಿ, ಸಾಲು ಸಾಲು ಸಿನಿಮಾ ಕಾದಂಬರಿಗಳ ಕೊನೆಯನ್ನು ಬಯಲು ಮಾಡಿತ್ತು. ನಿಮ್ಮ ಸಮಯ ಉಳಿಸುತ್ತೇವೆ ಅಂತ ಅದರ ಸಮಜಾಯಿಷಿ. ಇನ್ನೊಂದು ಕಡೆ ಲಂಡನ್ನಿನಲ್ಲಿ 1952ರಿಂದ ನಡೆಯುತ್ತಿರುವ ಅಗಾಥಾ ಕ್ರಿಸ್ಟಿಯ ಕೊಲೆ ನಾಟಕದಲ್ಲಿ, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಅಂತ ಕೊನೆಗೆ ಪ್ರೇಕ್ಷಕರನ್ನೇ ಕೇಳಿಕೊಳ್ಳುತ್ತಾರೆ. ರಾಯರನ್ನು ಆ ನಾಟಕಕ್ಕೆ ಕಳಿಸಬಾರದು.

ಇಷ್ಟೆಲ್ಲ ಓದಿಕೊಂಡು, ಮೆಟ್ಟಿಲಲ್ಲಿ ಸಿಕ್ಕಾಗ ಮೆಲ್ಲಗೆ ವಿಷಯ ತೆಗೆದೆ. ರಾಯರು ಶಿರಸಿ ಕಡೆಯವರು, ಯಕ್ಷಗಾನ ಅಂದರೆ ಪ್ರಾಣ. "ಅಲ್ರೀ, ಗದಾಯುದ್ಧದಲ್ಲಿ ಕೌರವ ಬೀಳ್ತಾನೆ ಅಂತ ಗೊತ್ತಿದ್ದೂ ನಾವು ಬೆಳಗಿನ ತನಕ ಕೂರಲ್ವಾ?" ಅಂದರು. ಮಾತು ಸುಳ್ಳಲ್ಲ. ಕೊನೆ ಗೊತ್ತಿದ್ದವರೇ ಕಥೆಯನ್ನು ಹೆಚ್ಚು ಇಷ್ಟಪಟ್ಟರು ಅಂತ 2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರೂ ಹೇಳಿದ್ದಾರೆ. ನಾನು ತಲೆಯಾಡಿಸಿ ಕೆಳಗಿಳಿದೆ. ಕೌರವ ಬೀಳುವುದನ್ನು ವ್ಯಾಸರು ಎಂದೋ ಬರೆದಿಟ್ಟಿದ್ದಾರೆ, ಕೊನೆಯ ಓವರನ್ನು ಯಾರೂ ಬರೆದಿಟ್ಟಿಲ್ಲವಲ್ಲ ಸ್ವಾಮಿ, ಅನ್ನುವ ಉತ್ತರ ಹೊಳೆದದ್ದು ಮನೆಯೊಳಗೆ ಚಪ್ಪಲಿ ಬಿಟ್ಟ ಮೇಲೆ.

ಚಿಕ್ಕಂದಿನಲ್ಲಿ ಎಲ್ಲರ ಮನೆ ಮೇಲೂ ಒಂದೇ ಥರದ ಆಂಟೆನಾ ಇತ್ತು. ಗಾಳಿಗೆ ತಿರುಗಿದರೆ ಒಬ್ಬರು ಮೇಲೆ ಹತ್ತಿ "ಬಂತಾ?" ಅಂತ ಕೂಗಬೇಕಿತ್ತು. ಚಿತ್ರ ಚುಕ್ಕೆ ಚುಕ್ಕೆ. ಆದರೆ ವಿಕೆಟ್ ಬಿದ್ದರೆ ಇಡೀ ಬೀದಿ ಒಟ್ಟಿಗೇ ಕೂಗುತ್ತಿತ್ತು. ಈಗ ಒಂದೇ ವಿಕೆಟ್ ನಮ್ಮ ಕಟ್ಟಡದಲ್ಲಿ ಮಹಡಿಗೊಂದು ಸಲ ಬೀಳುತ್ತದೆ.

ರಾಯರು ಒಳ್ಳೆಯವರು. "ತಾಪತ್ರಯ ಯಾಕೆ, ನಮ್ಮನೆಗೇ ಬಂದ್ಬಿಡಿ" ಅಂದರು. ಹೋದೆ. ಚಿನ್ನಸ್ವಾಮಿಯಲ್ಲಿ ಮ್ಯಾಚ್. ಮೊದಲ ಸಲ ಆಟವನ್ನು ಆಟದ ಹಾಗೆ ನೋಡುತ್ತಿದ್ದೇನೆ ಅನ್ನಿಸಿತು. ಅಷ್ಟರಲ್ಲಿ ರಾಯರ ಫೋನು ಬಡಿದುಕೊಂಡಿತು. ಅಳಿಯ, ಸ್ಟೇಡಿಯಮ್ಮಿನಿಂದಲೇ. ಟಿವಿಯಲ್ಲಿ ಬೌಲರ್ ಇನ್ನೂ ರನ್‌ಅಪ್‌ನಲ್ಲಿದ್ದ. ಫೋನಿನೊಳಗಿಂದ "ಮಾವಾ! ಬೋಲ್ಡ್!" ಅನ್ನುವ ಕಿರುಚಾಟ ನನ್ನವರೆಗೂ ಕೇಳಿಸಿತು.

ರಾಯರ ಮುಖ ಕೆಂಪಾಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಎಷ್ಟಾದರೂ ಅಳಿಯ.

"ಸಂತೋಷ ಅಳಿಯಂದ್ರೇ" ಅಂದರು. "ಸೆಕೆ ಜಾಸ್ತಿ ಅಲ್ಲಿ, ನೀರು ಕುಡೀತಾ ಇರಿ. ಫೋನ್ ಇಡಿ."