ದಪ್ಪಕ್ಷರದ ಜಗಳ

ದೊಡ್ಡ ಸಂಗೀತ ಉತ್ಸವವೊಂದರ ಪೋಸ್ಟರ್ ಮೊನ್ನೆ ಹೊರಬಿತ್ತು. ಅವತ್ತಿನಿಂದ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರೂ ಯಾರಿಗೂ ಗುಡ್ ಮಾರ್ನಿಂಗ್ ಹೇಳಿಲ್ಲ. ಅದೊಂದೇ ಲಾಭ. ಮಿಕ್ಕಿದ್ದೆಲ್ಲ ತಲೆನೋವು.

ಈ ಪೋಸ್ಟರ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ದಿನಕ್ಕೊಬ್ಬರಂತೆ ಮೂರು ಹೆಸರು ದಪ್ಪಕ್ಷರದಲ್ಲಿ. ಅವರೇ ಹೆಡ್‌ಲೈನರ್‌ಗಳು. ಕತ್ತಲಾದ ಮೇಲೆ ದೊಡ್ಡ ವೇದಿಕೆಗೆ ಎಲ್ಲರಿಗಿಂತ ಕೊನೆಗೆ ಬರುವವರು. ಕೆಳಗಿನ ಸಾಲಿನ ಹೆಸರುಗಳು ಸ್ವಲ್ಪ ಸಣ್ಣವು, ಅದರ ಕೆಳಗಿನವು ಇನ್ನೂ ಸಣ್ಣವು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮಾತ್ರೆ ಪಟ್ಟಿಯ ಹಿಂದಿನ ಬರಹದ ಹಾಗೆ, ಕನ್ನಡಕ ಹಾಕಿದವರೂ ದೂರ ಹಿಡಿದು ನೋಡಬೇಕು. ಯಾರ ಹೆಸರು ಯಾವ ಸಾಲಿನಲ್ಲಿ, ಎಷ್ಟು ದಪ್ಪ ಅನ್ನುವುದನ್ನು ಸುಮ್ನೆ ಕಣ್ಣಂದಾಜಿನಲ್ಲಿ ಹಾಕುವುದಿಲ್ಲ. ಕಲಾವಿದರ ಏಜೆಂಟರು ಚೌಕಾಸಿ ಮಾಡಿ ಕರಾರಿನಲ್ಲೇ ಬರೆಸಿಕೊಳ್ಳುವುದುಂಟು. ಅವರಿಗಾದರೆ ಅದಕ್ಕೆ ದುಡ್ಡು ಸಿಗುತ್ತದೆ. ನಮ್ಮ ಗುಂಪಿನವರು ಅದೇ ಕೆಲಸವನ್ನು ಪುಕ್ಕಟೆಯಾಗಿ, ರಾತ್ರಿ ಎರಡು ಗಂಟೆಯವರೆಗೆ ಮಾಡುತ್ತಾರೆ.

ಪೋಸ್ಟರ್ ಬಂದು ಐದು ನಿಮಿಷಕ್ಕೆ ಮೊದಲ ತೀರ್ಪು ಬರುತ್ತದೆ: "ಈ ವರ್ಷ ಏನೂ ಇಲ್ಲ." ಹೋದ ವರ್ಷವೂ ಏನೂ ಇರಲಿಲ್ಲ. ಅದರ ಹಿಂದಿನ ವರ್ಷ "ಇಷ್ಟು ಕೆಟ್ಟ ಲೈನ್‌ಅಪ್ ಹಿಂದೆಂದೂ ನೋಡಿಲ್ಲ" ಅಂದಿದ್ದರು. ಈಗ ಆ ವರ್ಷವನ್ನೇ ನೆನೆದು ನಿಟ್ಟುಸಿರು ಬಿಡುತ್ತಾರೆ. ಲೈನ್‌ಅಪ್ ಅನ್ನುವುದು ಚೆನ್ನಾಗಾಗೋದಕ್ಕೆ ಕನಿಷ್ಠ ಎರಡು ವರ್ಷ ಹಳೆಯದಾಗಬೇಕು.

ತಮಾಷೆ ಏನಂದರೆ, ಇಷ್ಟು ಬೈಯುವವರೆಲ್ಲ ಟಿಕೆಟ್ ಆಗಲೇ ತಗೊಂಡು ಕೂತಿರುತ್ತಾರೆ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಂತೂ ಹೆಡ್‌ಲೈನರ್‌ಗಳ ಹೆಸರು ಹೊರಬೀಳುವ ಎಷ್ಟೋ ತಿಂಗಳ ಮೊದಲೇ ಟಿಕೆಟ್ ಖಾಲಿಯಾಗಿರುತ್ತದೆ. ಯಾರು ಹಾಡುತ್ತಾರೆ ಅಂತ ಕೇಳದೆ ಮುಗಿಬಿದ್ದು ಕೊಂಡುಕೊಳ್ಳುವುದು, ಆಮೇಲೆ "ಇವರನ್ನು ಕೇಳೋದಕ್ಕಾ ನಾವು ದುಡ್ಡು ಕೊಟ್ಟಿದ್ದು" ಅಂತ ಕೂಗಾಡುವುದು. ಆ ಉತ್ಸವದ ಕಥೆ ಶುರುವಾದದ್ದೇ ಹಾಗೆ ಬಿಡಿ. 1970ರಲ್ಲಿ ಮೈಕೆಲ್ ಈವಿಸ್ ಎಂಬ ಹೈನುಗಾರರು ತಮ್ಮ ಜಮೀನಿನಲ್ಲಿ ಮೊದಲ ಸಲ ಅದನ್ನು ನಡೆಸಿದಾಗ ಬರಬೇಕಿದ್ದ ಹೆಡ್‌ಲೈನರ್ ದಿ ಕಿಂಕ್ಸ್ ಎಂಬ ರಾಕ್ ಬ್ಯಾಂಡು. ಅವರು ಬರಲಿಲ್ಲ. ಮಾರ್ಕ್ ಬೋಲನ್ನರ ಟಿರಾನೋಸಾರಸ್ ರೆಕ್ಸ್ ಎಂಬ ಬ್ಯಾಂಡು ಬಂತು. ಟಿಕೆಟ್ ಒಂದು ಪೌಂಡು, ಜೊತೆಗೆ ಹಾಲು ಉಚಿತ. ನಮ್ಮ ಗುಂಪಿನವರು ಅಲ್ಲಿದ್ದಿದ್ದರೆ ಹಾಲು ಕುಡಿದು ಬಾಯಿ ಒರೆಸಿಕೊಂಡು, ಕಿಂಕ್ಸ್ ಎಲ್ಲಿ ಅಂತ ಕೇಳುತ್ತಿದ್ದರು.

ಗುಂಪಿನಲ್ಲಿ ಪಕ್ಷಗಳಿವೆ. ಗಿಟಾರ್ ಪಕ್ಷ ದೊಡ್ಡದು. ನಾಲ್ಕು ಜನ ಗಂಡಸರು, ಎರಡು ಗಿಟಾರು, ಬೆವರು, ಇಷ್ಟಿದ್ದರೆ ಮಾತ್ರ ಸಂಗೀತ ಅನ್ನುವವರು ಇವರು. ಲ್ಯಾಪ್‌ಟಾಪ್ ಇಟ್ಟುಕೊಂಡು ವೇದಿಕೆಗೆ ಬಂದವರನ್ನು ಕಂಡರೆ ಇವರಿಗೆ ಆಫೀಸು ನೆನಪಾಗುತ್ತದಂತೆ. ಎದುರು ಪಕ್ಷದಲ್ಲಿ ಮುಖ್ಯವಾಗಿ ಇರುವವಳು ನನ್ನ ಅಕ್ಕನ ಮಗಳು. ಅವಳನ್ನು ಗುಂಪಿಗೆ ಸೇರಿಸಿದ್ದು ಯಾರು ಅಂತ ಗಿಟಾರ್ ಪಕ್ಷ ಇವತ್ತಿಗೂ ವಿಚಾರಣೆ ನಡೆಸುತ್ತಿದೆ.

ಅವಳ ಹತ್ತಿರ ಒಂದು ಬ್ರಹ್ಮಾಸ್ತ್ರ ಇದೆ. ಪ್ರತಿ ವರ್ಷ ಬಿಡುತ್ತಾಳೆ. 2008ರಲ್ಲಿ ಗ್ಲಾಸ್ಟನ್‌ಬರಿಗೆ ರ‍್ಯಾಪರ್ ಜೇ-ಝೀ ಹೆಡ್‌ಲೈನರ್ ಅಂತ ಗೊತ್ತಾದಾಗ ಒಯಾಸಿಸ್ ಬ್ಯಾಂಡಿನ ನೋಯೆಲ್ ಗ್ಯಾಲಗರ್, ಅಲ್ಲಿ ಹಿಪ್-ಹಾಪ್ ಸರಿಯಲ್ಲ ಎಂದು ಬಹಿರಂಗವಾಗಿ ಹೇಳಿದರು. ಜೇ-ಝೀ ಅದಕ್ಕೆ ಏನು ಮಾಡಿದರು ಗೊತ್ತಾ? ಕುತ್ತಿಗೆಗೆ ಗಿಟಾರ್ ನೇತುಹಾಕಿಕೊಂಡು ಬಂದು ಒಯಾಸಿಸ್‌ನವರದೇ ಜನಪ್ರಿಯ ಹಾಡನ್ನು ಬೇಕಂತಲೇ ಅಪಸ್ವರದಲ್ಲಿ ಹಾಡಿದರು. ಇಡೀ ಮೈದಾನ ಜೊತೆಗೆ ಹಾಡಿತು. ಈ ವಿಡಿಯೊ ಗುಂಪಿಗೆ ಬಂದ ಕೂಡಲೇ ಗಿಟಾರ್ ಪಕ್ಷ ಅರ್ಧ ದಿನ ಆಫ್‌ಲೈನ್ ಆಗುತ್ತದೆ. ಆಮೇಲೆ ತಿರುಗಿ ಬಂದು, "ಹಾಗಾದರೂ ಗಿಟಾರ್ ಬೇಕಾಯ್ತಲ್ಲ" ಅನ್ನುತ್ತದೆ.

2015ರ ಗ್ಲಾಸ್ಟನ್‌ಬರಿಗೆ ರ‍್ಯಾಪರ್ ಕಾನ್ಯೆ ವೆಸ್ಟ್ ಬೇಡ, ರಾಕ್ ಬ್ಯಾಂಡ್ ಕರೆಸಿ ಅಂತ ಒಂದು ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದ್ದರು. ಹೋಗುವವರಿಗಿಂತ ಹೋಗದವರಿಗೆ ಹೆಡ್‌ಲೈನರ್ ಬಗ್ಗೆ ಚಿಂತೆ ಜಾಸ್ತಿ ಅನ್ನುವುದು ನನ್ನ ಅನುಮಾನ. ನಮ್ಮ ಗಿಟಾರ್ ಪಕ್ಷದ ನಾಯಕ ಅಂಥ ಮನವಿಗಳಿಗೆ ಸಹಿ ಹಾಕುವುದನ್ನು ಸಮಾಜಸೇವೆ ಅಂದುಕೊಂಡಿದ್ದಾನೆ.

ಇವರೆಲ್ಲರನ್ನೂ ಸಹಿಸಬಹುದು. ನನಗೆ ನಿಜವಾಗಿ ರೇಗುವುದು ಇನ್ನೊಬ್ಬನನ್ನು ಕಂಡರೆ. ಅವನಿಗೆ ನಾವು ಇಟ್ಟ ಹೆಸರು ಸಣ್ಣಕ್ಷರ.

ಸಣ್ಣಕ್ಷರ ಪೋಸ್ಟರಿನ ಮೇಲ್ಭಾಗವನ್ನು ನೋಡುವುದೇ ಇಲ್ಲ. ಫೋನಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿ ಹಿಗ್ಗಿಸಿ ನೇರವಾಗಿ ಕೊನೆಯ ಸಾಲಿಗೆ ಹೋಗುತ್ತಾನೆ. "ಹೆಡ್‌ಲೈನರ್ ಅನ್ನೋದು ಸಂಗೀತ ಗೊತ್ತಿಲ್ಲದವರಿಗೆ ಕಣೋ. ನಿಜವಾದದ್ದೆಲ್ಲ ಇಲ್ಲಿ ಕೆಳಗಡೆ ಇರತ್ತೆ." ಕೊನೆಯ ಸಾಲಿನಲ್ಲಿರುವ ಯಾವುದೋ ಬ್ಯಾಂಡು ಮುಂದಿನ ವರ್ಷ ಎರಡು ಸಾಲು ಮೇಲೆ ಹೋದರೆ ಇವನಿಗೆ ಸಂತೋಷ ಆಗಬೇಕಲ್ವಾ? ಇಲ್ಲ. "ಹಾಳಾದರು. ದುಡ್ಡಿನ ಹಿಂದೆ ಬಿದ್ದರು." ಅವರ ಟೀ ಶರ್ಟನ್ನು ಆವತ್ತೇ ನೆಲ ಒರೆಸುವುದಕ್ಕೆ ಕೊಡುತ್ತಾನೆ. ಅವನ ಮನೆಯ ನೆಲ ಒರೆಸುವ ಬಟ್ಟೆಗಳನ್ನು ನೋಡಿದರೆ ಇವತ್ತಿನ ಪೋಸ್ಟರಿನ ಮೇಲಿನ ಎರಡು ಸಾಲು ಪೂರ್ತಿ ಸಿಗುತ್ತದೆ.

ಕಳೆದ ಉತ್ಸವದಲ್ಲಿ ಅವನು ನನ್ನ ಕೈ ಹಿಡಿದು ಎಳೆದುಕೊಂಡು ಹೋದ. ಮಟಮಟ ಮಧ್ಯಾಹ್ನ. ದೊಡ್ಡ ವೇದಿಕೆ ದಾಟಿ, ಅದರಾಚೆಯ ವೇದಿಕೆ ದಾಟಿ, ಶೌಚಾಲಯದ ಸಾಲನ್ನೂ ದಾಟಿ, ಬೇಲಿಯ ಪಕ್ಕದಲ್ಲಿ ಒಂದು ಟೆಂಟು. ಒಳಗೆ ಕೆಲವೇ ಜನ. ಅದರಲ್ಲಿ ಅರ್ಧ ಜನ ನೆರಳಿಗೆ ಬಂದವರು, ಒಬ್ಬ ನಿದ್ದೆ ಮಾಡುತ್ತಿದ್ದ. ಅಲ್ಲಿ ಹಾಡಬೇಕಿದ್ದ ಬ್ಯಾಂಡಿನ ಹೆಸರು ಎಷ್ಟು ಉದ್ದ ಅಂದರೆ ಪೋಸ್ಟರಿನಲ್ಲಿ ಕೊನೆಯ ಎರಡು ಶಬ್ದಕ್ಕೆ ಜಾಗವೇ ಸಿಕ್ಕಿರಲಿಲ್ಲ.

ಕಪ್ಪು ಟೀ ಶರ್ಟು ಹಾಕಿದ ತೆಳ್ಳಗಿನ ಮನುಷ್ಯನೊಬ್ಬ ವೇದಿಕೆಗೆ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಡ್ರಮ್ಮಿನ ಹಿಂದೆ ಕೂತು ಒಂದು ಏಟು ಹಾಕಿದ. ಢಬ್. ಸುಮ್ಮನಾದ. ಮತ್ತೆ ಢಬ್. ಮತ್ತೆ ಸುಮ್ಮನಾದ.

ಸಣ್ಣಕ್ಷರ ಕಣ್ಣು ಮುಚ್ಚಿದ. ನನ್ನ ಕಿವಿಯ ಹತ್ತಿರ ಬಾಯಿ ತಂದು, "ನಡುವೆ ಎಷ್ಟು ಮೌನ ಬಿಡ್ತಾನೆ ನೋಡು" ಅಂದ.

ಢಬ್.

"ಅಬ್ಬಾ" ಅಂದ ಸಣ್ಣಕ್ಷರ.

ಡ್ರಮ್ಮು ಬಿಟ್ಟು ಆ ಮನುಷ್ಯ ಮೈಕಿನ ಹತ್ತಿರ ಬಂದ. "ಒನ್" ಅಂದ. ಯೋಚಿಸಿದ. "ಟೂ" ಅಂದ. "ಟೂ. ಟೂ. ಒನ್. ಟೂ." ನನಗೆ ಅನುಮಾನ ಬಂದಿತ್ತು. ಆದರೆ ಪಕ್ಕದಲ್ಲಿದ್ದವನ ತಲೆ ತಾಳಕ್ಕೆ ಸರಿಯಾಗಿ ತೂಗಾಡುತ್ತಿತ್ತು. ತಾಳವೇ ಇಲ್ಲದ ಕಡೆ ತಾಳ ಹಾಕುವುದಕ್ಕೂ ಒಂದು ಯೋಗ್ಯತೆ ಬೇಕು.

"ಮೂರಕ್ಕೆ ಹೋಗೋದೇ ಇಲ್ಲ ಕಣೋ ಇವನು. ಬೇರೆ ಯಾರೇ ಆಗಿದ್ರೂ ಮೂರು ಅಂದುಬಿಡೋರು. ಧೈರ್ಯ ಅಂದ್ರೆ ಇದು."

ಅಷ್ಟು ಹೇಳಿ ಜೋರಾಗಿ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಮುಂದಿದ್ದ ಇಬ್ಬರು ತಟ್ಟಿದರು. ನಿದ್ದೆ ಮಾಡುತ್ತಿದ್ದವನು ಎದ್ದು ಶಿಳ್ಳೆ ಹಾಕಿದ. ಕಪ್ಪು ಟೀ ಶರ್ಟಿನವನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ಬ್ಯಾಂಡು ಬಂತೇನೋ ಅಂದುಕೊಂಡ ಅಂತ ಕಾಣುತ್ತದೆ. ಯಾರೂ ಇರಲಿಲ್ಲ. ಪಾಪ, ಬ್ಯಾಂಡು ಬರುವ ಮೊದಲು ಮೈಕು, ಡ್ರಮ್ಮು ಸರಿಯಾಗಿ ಕೇಳಿಸುತ್ತಾ ಅಂತ ನೋಡುವ ಸೌಂಡ್‌ಚೆಕ್ ಕೆಲಸವನ್ನು ಎಷ್ಟು ವರ್ಷದಿಂದ ಮಾಡುತ್ತಿದ್ದನೋ. ಸಂಕೋಚದಿಂದ ಕೈ ಎತ್ತಿ, ಒಂದು ವೈರು ಸುತ್ತಿಕೊಂಡು ಹೊರಟುಹೋದ.

ಆಮೇಲೆ ನಿಜವಾದ ಬ್ಯಾಂಡು ಬಂತು. ಚೆನ್ನಾಗಿಯೇ ಹಾಡಿತು. ಎರಡನೇ ಹಾಡಿಗೇ ಸಣ್ಣಕ್ಷರ ಮೂಗು ಮುರಿದ. "ಮೊದಲು ಬಂದವನ ಮುಂದೆ ಇವರು ಸಪ್ಪೆ."

ಚಪ್ಪಾಳೆ ತಟ್ಟಿದ್ದಕ್ಕೆ ಅವನನ್ನು ಪೂರ್ತಿ ಬೈಯುವಂತೆಯೂ ಇಲ್ಲ. 1971ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಾಂಗ್ಲಾದೇಶದ ನೆರವಿಗಾಗಿ ಕಛೇರಿ ನಡೆದಾಗ, ಪಂಡಿತ್ ರವಿಶಂಕರ್ ಮತ್ತು ಜೊತೆಯವರು ಶ್ರುತಿ ಕೂಡಿಸಿ ಮುಗಿಸುತ್ತಿದ್ದಂತೆ ಸಭೆ ಚಪ್ಪಾಳೆ ಹೊಡೆದಿತ್ತು. ಶ್ರುತಿ ಕೂಡಿಸಿದ್ದೇ ಇಷ್ಟು ಹಿಡಿಸಿದರೆ ಇನ್ನು ನುಡಿಸುವುದು ಇನ್ನೂ ಹಿಡಿಸೀತು ಅಂತ ರವಿಶಂಕರ್ ನಗುತ್ತಲೇ ಹೇಳಿದ್ದರು. ಆ ಸಭೆಗೆ ಮುಂದಿನದೂ ಹಿಡಿಸಿತು. ನಮ್ಮವನಿಗೆ ಅದೂ ಇಲ್ಲ.

ಅಂದು ರಾತ್ರಿ ಹೆಡ್‌ಲೈನರ್ ಆಗಿ ಒಬ್ಬ ಗಾಯಕಿ ಬಂದಳು. ನಾನು ಹೋಗಿದ್ದೇ ಅವಳಿಗಾಗಿ. ಒಂದು ಕಡೆ ಸಣ್ಣಕ್ಷರ, ಇನ್ನೊಂದು ಕಡೆ ಗಿಟಾರ್ ಪಕ್ಷದ ನಾಯಕ. ಅವಳು ಬಾಯಿ ತೆರೆದ ಕೂಡಲೇ ಒಬ್ಬ, "ಹಿಂದೆ ಟ್ರ್ಯಾಕ್ ಓಡ್ತಿದೆ" ಅಂದ. ಇನ್ನೊಬ್ಬ, "ಡ್ಯಾನ್ಸರ್‌ಗಳು ಯಾಕೆ ಬೇಕು" ಅಂದ. ಸರಿ, ಇದೊಂದು ಹಾಡು ಮುಗಿಯಲಿ ಅಂದುಕೊಂಡೆ. ಹಾಡು ಮುಗಿಯಿತು, ಇವರು ಮುಗಿಸಲಿಲ್ಲ. ಈ ಜಾಗದಲ್ಲಿ ಯಾರನ್ನು ಕರೆಸಬಹುದಿತ್ತು ಅನ್ನುವ ಪಟ್ಟಿ ನನ್ನ ತಲೆಯ ಮೇಲಿಂದ ಆ ಕಡೆ ಈ ಕಡೆ ಹಾರಾಡಿತು. ನನಗೆ ಪ್ರಾಣವಾಗಿದ್ದ ಹಾಡನ್ನು ಅವಳು ಪಿಯಾನೋ ಮುಂದೆ ಕೂತು ಮೆಲ್ಲಗೆ ಹಾಡುತ್ತಿದ್ದಾಗ, ಕೇಳಿಸಿದ್ದು 1990ರ ದಶಕದ ಬಾಸ್ ಗಿಟಾರ್ ವಾದಕರ ಬಗ್ಗೆ ಒಂದು ಉಪನ್ಯಾಸ. ಅದನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಪಟ್ಟಿಯಲ್ಲಿದ್ದ ಯಾರನ್ನು ಕರೆಸಿದ್ದರೂ ಇವರು ಅವರ ಹಾಡಿನ ಮಧ್ಯೆ ಇವಳ ಹೆಸರು ಹೇಳುತ್ತಿದ್ದರು, ಅನುಮಾನವೇ ಇಲ್ಲ.

ಹೆಡ್‌ಲೈನರ್ ಬಗ್ಗೆ ಜನ ಯಾವಾಗ ಒಪ್ಪಿದ್ದಾರೆ ಹೇಳಿ. 1965ರ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಜಾನಪದ ಗಾಯಕ ಅಂತಲೇ ಹೆಸರಾಗಿದ್ದ ಬಾಬ್ ಡಿಲನ್ ಸಾದಾ ಗಿಟಾರ್ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಸಭೆಯ ಒಂದು ಭಾಗ ಕೂಗಿ ಗಲಾಟೆ ಎಬ್ಬಿಸಿತು. ಗಿಟಾರಿಗೆ ಕೂಗಿದರೋ, ಸೌಂಡ್ ಕೆಟ್ಟದಾಗಿತ್ತು ಅಂತ ಕೂಗಿದರೋ, ಬೇಗ ಮುಗಿಸಿಬಿಟ್ಟ ಅಂತ ಕೂಗಿದರೋ ಅನ್ನುವ ಬಗ್ಗೆ 60 ವರ್ಷದ ಮೇಲೂ ವಾದ ನಿಂತಿಲ್ಲ. ಹಾಡು ಮುಗಿದರೂ ಕೂಗಾಟದ ಕಾರಣ ಮುಗಿಯಲಿಲ್ಲ. ಇನ್ನು 1969ರ ಅಮೆರಿಕದ ಸಂಗೀತ ಉತ್ಸವ ವುಡ್‌ಸ್ಟಾಕ್. ಅಲ್ಲಿ ಕೊನೆಯದಾಗಿ ನುಡಿಸಿದವರು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. ಮಳೆ, ತಡ, ಗೊಂದಲ ಎಲ್ಲ ಸೇರಿ ಭಾನುವಾರ ರಾತ್ರಿಯ ಕಾರ್ಯಕ್ರಮ ಸೋಮವಾರ ಬೆಳಗ್ಗೆಗೆ ಬಂತು. ಲಕ್ಷಗಟ್ಟಲೆ ಸೇರಿದ್ದ ಜನರಲ್ಲಿ ಬಹುಪಾಲು ಆಗಲೇ ಮನೆ ದಾರಿ ಹಿಡಿದಿದ್ದರು. ಇವತ್ತು ಆ ದಿನದ ಬಗ್ಗೆ ಕೇಳಿ ನೋಡಿ, ಎದ್ದುಹೋದವನು ಅಂತ ಹೇಳಿಕೊಳ್ಳುವವನು ಒಬ್ಬನೂ ಸಿಗುವುದಿಲ್ಲ.

ಗುಂಪಿನ ಜಗಳಕ್ಕೆ ಮೂಲ ಎಲ್ಲಿದೆ ಅಂತ ನನಗೆ ಹೊಳೆದದ್ದು 2022ರ ಗ್ಲಾಸ್ಟನ್‌ಬರಿಯಲ್ಲಿ. ಶುಕ್ರವಾರ ಗಾಯಕಿ ಬಿಲ್ಲಿ ಐಲಿಶ್, ವಯಸ್ಸು 20. ಶನಿವಾರ ಬೀಟಲ್ಸ್ ಬ್ಯಾಂಡಿನಲ್ಲಿದ್ದ ಪಾಲ್ ಮೆಕಾರ್ಟ್ನಿ, 80 ತುಂಬಿ ಒಂದು ವಾರವಾಗಿತ್ತು. ಒಬ್ಬಳು ತೀರಾ ಚಿಕ್ಕವಳು, ಇನ್ನೊಬ್ಬರಿಗೆ ತೀರಾ ವಯಸ್ಸಾಯಿತು ಅಂತ ನಮ್ಮವರು ಎರಡೂ ದಿನ ಕೊಸರಾಡಿದರು. ಕೂಡಿಸಿ ಎರಡರಿಂದ ಭಾಗಿಸಿದರೆ 50 ಬರುತ್ತದೆ. ನಮ್ಮ ಗುಂಪಿನ ವಯಸ್ಸೂ ಹೆಚ್ಚುಕಮ್ಮಿ ಅಷ್ಟೇ. ಇವರಿಗೆ ಬೇಕಾದದ್ದು ಇವರ ಜೊತೆಗೇ ಕೂದಲು ಉದುರಿಸಿಕೊಂಡ ಹೆಡ್‌ಲೈನರ್, ಅಷ್ಟೆ.

ಮೊನ್ನೆಯ ಪೋಸ್ಟರ್ ನೋಡಿ ಅಕ್ಕನ ಮಗಳು, "ಮಾಮ, ಭಾನುವಾರ ಮಧ್ಯಾಹ್ನ ಅಂತ ಇದ್ಯಲ್ಲ, ಇವರು ಯಾರು?" ಅಂತ ಕೇಳಿದಳು. ನಾನು ಕಾಲೇಜಿನಲ್ಲಿದ್ದಾಗ ಗೋಡೆ ತುಂಬ ಅಂಟಿಸಿಕೊಂಡಿದ್ದ ಬ್ಯಾಂಡು ಅದು. ಅವರ ಹೆಸರನ್ನು ಕೊನೆಯ ಸಾಲಿನಲ್ಲಿ ನೋಡಿದ್ದೇನೆ. ಮೇಲಕ್ಕೆ ಹತ್ತಿದ್ದು, ದಪ್ಪ ಆದದ್ದು, ಮತ್ತೆ ಇಳಿಯತೊಡಗಿದ್ದು ಎಲ್ಲ ನೋಡಿದ್ದೇನೆ. ಈಗ ಬಿಸಿಲು ಇಳಿಯುವ ಮೊದಲೇ ಹಾಡಿ ಇಳಿಯಬೇಕು ಅವರು. ಅವಳಿಗೆ ಹೇಗೆ ಹೇಳುವುದು? "ಹಳೆಯವರು" ಅಂದೆ. "ಓ, ಕ್ಯೂಟ್" ಅಂದಳು. ಆ ಒಂದು ಶಬ್ದಕ್ಕೆ ನನಗೆ ಗಿಟಾರ್ ಪಕ್ಷ ಸೇರಿಬಿಡೋಣ ಅನ್ನಿಸಿತು.

ಮಧ್ಯಾಹ್ನದ ಹೊತ್ತು ಅಂದ ಮಾತ್ರಕ್ಕೆ ಕಡಿಮೆ ಅಂತಲ್ಲ. ಪಾಪ್ ಗಾಯಕಿ ಕೈಲಿ ಮಿನೋಗ್ 2005ರಲ್ಲಿ ಗ್ಲಾಸ್ಟನ್‌ಬರಿಯ ಹೆಡ್‌ಲೈನರ್ ಆಗಬೇಕಿತ್ತು. ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ಹಿಂದೆ ಸರಿಯಬೇಕಾಯಿತು. 14 ವರ್ಷದ ಮೇಲೆ, 2019ರಲ್ಲಿ, ಭಾನುವಾರ ಮಧ್ಯಾಹ್ನ ಹಿರಿಯ ತಾರೆಗಳಿಗೆ ಅಂತಲೇ ಇಡುವ ಹೊತ್ತಿನಲ್ಲಿ ಬಂದು ಹಾಡಿದರು. ಅದನ್ನು ಹೇಳುವಾಗ ವೇದಿಕೆಯ ಮೇಲೇ ಅವರ ಕಣ್ಣು ತುಂಬಿತು. ಮೈದಾನ ತುಂಬಿತ್ತು. ಇದನ್ನು ಗುಂಪಿನಲ್ಲಿ ಬರೆದೆ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಗಿಟಾರ್ ಪಕ್ಷದ ನಾಯಕ ಬರೆದ: "ಎಲ್ಲಾ ಸರಿ, ಆದರೆ ಆ ವರ್ಷದ ಹೆಡ್‌ಲೈನರ್‌ಗಳು ಯಾರೂ ಚೆನ್ನಾಗಿರಲಿಲ್ಲ."

2026ರಲ್ಲಿ ಗ್ಲಾಸ್ಟನ್‌ಬರಿ ಇಲ್ಲ. ಕೆಲವು ವರ್ಷಕ್ಕೊಮ್ಮೆ ಜಮೀನನ್ನು ಸುಮ್ಮನೆ ಬಿಡುತ್ತಾರೆ. ನೆಲ, ಹಸುಗಳು, ಸುತ್ತಲಿನ ಊರಿನವರು ಎಲ್ಲರೂ ಸುಧಾರಿಸಿಕೊಳ್ಳಲಿ ಅಂತ. ಪೋಸ್ಟರ್ ಇಲ್ಲ, ಹೆಸರಿಲ್ಲ. ಅದೊಂದರಿಂದಲಾದರೂ ನಮಗೂ ವಿಶ್ರಾಂತಿ ಸಿಗುತ್ತದೆ ಅಂದುಕೊಂಡಿದ್ದೆ. ನಿನ್ನೆ ರಾತ್ರಿ ಗುಂಪಿಗೆ ಸಣ್ಣಕ್ಷರನ ಮೆಸೇಜು ಬಂತು: "ದಪ್ಪಕ್ಷರವೇ ಇಲ್ಲ. ಇಷ್ಟು ವರ್ಷದಲ್ಲಿ ಅವರದ್ದೊಂದು ಒಳ್ಳೆ ಲೈನ್‌ಅಪ್ ಅಂದ್ರೆ ಇದೇ ಕಣ್ರೋ." ಅದಕ್ಕೆ ಗಿಟಾರ್ ಪಕ್ಷ, 2018ರಲ್ಲಿ ಜಮೀನು ಖಾಲಿ ಬಿಟ್ಟಾಗ ಇದಕ್ಕಿಂತ ಚೆನ್ನಾಗಿತ್ತು ಅಂತ ಉತ್ತರ ಕೊಟ್ಟಿದೆ. ಈಗಲೂ ಫೋನು ಕುಣಿಯುತ್ತಲೇ ಇದೆ.