ಸೋರೋದು ಎಲ್ಲಿಂದ ಅಂತ ಒಬ್ರಾದ್ರೂ ಬಗ್ಗಿ ನೋಡ್ರಪ್ಪಾ

ಮೂರು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟು ಇವತ್ತು ಮಧ್ಯಾಹ್ನ ಅರ್ಧ ಇಳಿಯಿತು. ಉಳಿದ ಅರ್ಧಕ್ಕೆ ಈ ಬರಹ.

ನಮ್ಮ ಗಾಡಿ ನಿಮಗೆಲ್ಲ ಗೊತ್ತು. ಹಳೇ ಟೆಂಪೊ ಟ್ರಾವೆಲರ್ ತಗೊಂಡು, ನಡುವಿನ ಸೀಟು ಕಿತ್ತು, ಮಂಚ, ಒಲೆ, ಪುಟ್ಟ ಬಚ್ಚಲು ಕೂರಿಸಿಕೊಂಡಿದ್ದೇವೆ. ಅತ್ತೆಗೆ ಮೊಣಕಾಲು ನೋವು. ಬೆಳಿಗ್ಗೆ ಕಾಲಿಗೆ ಬಿಸಿನೀರು ಬೀಳದಿದ್ದರೆ ಅವರಿಗೆ ನಾಲ್ಕು ಹೆಜ್ಜೆ ಇಡೋಕೂ ಆಗಲ್ಲ. ಅವರಿಗೋಸ್ಕರವೇ ಹಿಂದಿನ ಸೀಟಿನ ಕೆಳಗೆ 10 ಲೀಟರಿನ ಗೀಸರ್ ಹಾಕಿಸಿದ್ದು. ಕರೆಂಟ್ ಸಿಕ್ಕ ಕಡೆ ವೈರ್ ಎಳೆದರೆ 12-13 ನಿಮಿಷಕ್ಕೆ ನೀರು ಕಾಯುತ್ತೆ.

ಕಳೆದ ವಾರ ಮುದಗಲ್ ಕೋಟೆ ಹತ್ತಿ ಇಳಿದು, ಮಸ್ಕಿಯಲ್ಲಿ ಅಶೋಕನ ಶಾಸನ ನೋಡಿಕೊಂಡು, ರಾತ್ರಿ ಸಿಂಧನೂರಿನ ಹತ್ತಿರ ಒಂದು ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದ್ವಿ. ಬೆಳಿಗ್ಗೆ ಎದ್ದು ಕಾಲಿಟ್ಟರೆ ಚಾಪೆ ಒದ್ದೆ. ಸೀಟಿನ ಕೆಳಗಿನ ಪ್ಲೈವುಡ್ ಉಬ್ಬಿ ಪದರ ಬಿಟ್ಟಿತ್ತು. ಗೀಸರ್ ಸೋರುತ್ತಿತ್ತು. ಅತ್ತೆ ಏನೂ ಅನ್ನಲಿಲ್ಲ. ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಕೊಟ್ಟೆ.

ಬಳ್ಳಾರಿಗೆ ಬಂದವರು ಸೀದಾ ಅಂಗಡಿಗೆ ಹೋದ್ವಿ. ಮೊದಲನೆಯವನು ಗಾಡಿ ಹತ್ತಲೇ ಇಲ್ಲ. ಬಾಗಿಲಲ್ಲಿ ನಿಂತು, "ಟ್ಯಾಂಕ್ ಹೋಗೈತ್ರಿ ಅಕ್ಕಾರ, ಹೊಸಾದು ಹಾಕ್ಸಿಬಿಡ್ರಿ" ಅಂದ. ಸೀಟು ಎತ್ತಿಲ್ಲ, ಟಾರ್ಚ್ ಬಿಟ್ಟಿಲ್ಲ. ಟ್ಯಾಂಕ್ ಹೋಗಿದೆ ಅಂತ ಅವನಿಗೆ ಹೇಗೆ ಗೊತ್ತಾಯ್ತು? ಎರಡನೆಯವನು ಅಂಗಡಿಯಿಂದ ಹೊರಗೂ ಬರಲಿಲ್ಲ. ಫೋಟೋ ತೋರಿಸಿ ಅಂದ, ನೋಡಿ 7,200 ರೂಪಾಯಿ ಆಗುತ್ತೆ ಅಂದ. ನಮ್ಮವರು ನನ್ನ ಮುಖ ನೋಡಿದರು. ನಾನೂ ಸಾಕಾಗಿ "ಆಯ್ತು, ಹೊಸದೇ ಹಾಕಿಸೋಣ" ಅಂದುಬಿಟ್ಟಿದ್ದೆ. ಅವತ್ತು ಆ ಅಂಗಡಿಯಲ್ಲಿ 10 ಲೀಟರಿನದು ಇರಲಿಲ್ಲ, ಅದಕ್ಕೆ ಬಚಾವಾದ್ವಿ.

ಮೂರನೆಯ ಹುಡುಗನ ಮಾತು ನೆನೆದರೆ ಈಗಲೂ ಮೈ ಉರಿಯುತ್ತೆ. ಪಾಪ, ಅವನು ಸೀಟು ಎತ್ತಿದ. ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕೋದು ಕಂಡಿತು. "ಇದಕ್ಕೊಂದು ಡಮ್ಮಿ ಹಾಕಿಬಿಡ್ತೀನ್ರಿ, ಸೋರೋದು ನಿಲ್ತೈತಿ" ಅಂದ. ಡಮ್ಮಿ ಅಂದ್ರೆ ವಾಲ್ವಿನ ಬಾಯಿ ಮುಚ್ಚೋ ಬಿರಡೆ. ಐದು ನಿಮಿಷದ ಕೆಲಸ, 50 ರೂಪಾಯಿ.

ಅದು ಸೇಫ್ಟಿ ವಾಲ್ವ್ ಕಣ್ರೀ! ನೀರು ಕಾದಾಗ ಹಿಗ್ಗುತ್ತೆ. 25 ಡಿಗ್ರಿಯ 10 ಲೀಟರ್ ನೀರು 75 ಡಿಗ್ರಿಗೆ ಏರಿದರೆ ಕಾಲು ಲೀಟರಿಗೆ ಸ್ವಲ್ಪ ಕಮ್ಮಿ ಜಾಸ್ತಿಯಾಗುತ್ತೆ. ಒಂದು ದೊಡ್ಡ ಲೋಟದಷ್ಟು. ಮಾಳಿಗೆ ಮೇಲೆ ಟ್ಯಾಂಕ್ ಇರೋ ಎಷ್ಟೋ ಮನೆಗಳಲ್ಲಿ ಆ ನೀರು ಬಂದ ಪೈಪಿನಲ್ಲೇ ಹಿಂದಕ್ಕೆ ಸರಿಯುತ್ತೆ. ಗಾಡಿಯಲ್ಲಿ ಹಾಗಾಗಲ್ಲ. 12 ವೋಲ್ಟಿನ ಪಂಪು ನೀರನ್ನು ಮುಂದಕ್ಕೆ ತಳ್ಳುತ್ತೆ, ಹಿಂದಕ್ಕೆ ಬಿಡಲ್ಲ. ನಲ್ಲಿ ಮುಚ್ಚಿದೆ. ಹಿಗ್ಗಿದ ನೀರು ಹೋಗೋದಾದರೂ ಎಲ್ಲಿಗೆ? ಆ ವಾಲ್ವಿನಿಂದ ಹನಿಹನಿಯಾಗಿ ಹೊರಗೆ ಬರಬೇಕು. ನಮ್ಮ ಗೀಸರಿನ ಮೈಮೇಲೆ 8 ಬಾರ್ ಅಂತ ಬರೆದಿದೆ, ಅದು ತಡೆಯೋ ಒತ್ತಡ. ಕಾರಿನ ಟೈರಿಗೆ ಹಾಕಿಸೋ ಗಾಳಿ 30-35 ಪಿಎಸ್‌ಐ ಅಲ್ವಾ, ಅದೇ ಲೆಕ್ಕದಲ್ಲಿ 8 ಬಾರ್ ಅಂದರೆ 116. ಆ ವಾಲ್ವಿನ ಬಾಯಿಗೆ ಬಿರಡೆ ಬಡಿದು, ಒಂದು ದಿನ ನೀರು ಕಾದ ಮೇಲೆ ಕರೆಂಟ್ ಕಡಿಯೋ ಥರ್ಮೋಸ್ಟ್ಯಾಟ್ ಕೈಕೊಟ್ಟು ನೀರು ಕುದಿಯುತ್ತಾ ಹೋದರೆ? ಸೀಟಿ ಮುಚ್ಚಿದ ಕುಕ್ಕರ್ ಅದು. ಆ ಸೀಟಿನ ಮೇಲೇ ನಮ್ಮ ಅತ್ತೆ ಮಲಗೋದು. ಹನಿ ನಿಲ್ಲಿಸೋಕೆ ಹೋಗಿ ಜೀವಕ್ಕೇ ಕುತ್ತು ತರೋ ಕೆಲಸವನ್ನ ಆ ಹುಡುಗ ಎಷ್ಟು ಸಲೀಸಾಗಿ ಹೇಳಿದ! ಯಾರೋ ಅವನಿಗೆ ಹಾಗೇ ಕಲಿಸಿದ್ದಾರೆ. ಕಲಿಸಿದವರ ಮೇಲೆ ನನಗೆ ಜಾಸ್ತಿ ಸಿಟ್ಟು.

ಕೊನೆಗೆ ನೆನಪಾದದ್ದು ಕೌಲ್ ಬಜಾರ್ ಕಡೆಯ ಚಾಚಾ. ಬೇಸಿಗೆಯಲ್ಲಿ ನಮ್ಮ ಕೂಲರ್ ಪಂಪ್ ನೋಡೋರು ಅವರೇ. ಇವತ್ತು ಬೆಳಿಗ್ಗೆ ಬಂದರು. ವಿಷಯ ಹೇಳೋಕೆ ಶುರು ಮಾಡಿದೆ. ಕೈ ಎತ್ತಿ, "ನೀರು ಬಿದ್ದ ಜಾಗ ಬ್ಯಾರೆ, ಹೊಂಟ ಜಾಗ ಬ್ಯಾರೆ ಇರ್ತೈತಿ ಬೇಟಿ, ನೋಡೋಣು ತಡಿ" ಅಂದರು. ಮೂರು ದಿನದಲ್ಲಿ ನೋಡೋಣ ಅಂದ ಮೊದಲ ಮನುಷ್ಯ!

ಮೊದಲು ಪ್ಲಗ್ ಕಿತ್ತು ನನ್ನ ಕೈಗೇ ಕೊಟ್ಟರು, ಯಾರೂ ಚುಚ್ಚದ ಹಾಗೆ. ಪಂಪ್ ಆರಿಸಿ, ಬಿಸಿನೀರಿನ ನಲ್ಲಿ ತಿರುಗಿಸಿ ಒತ್ತಡ ಇಳಿಸಿದರು. ಹಳೇ ಬನಿಯನ್ನಿನಿಂದ ಗೀಸರಿನ ಮೈಯೆಲ್ಲ ಒರೆಸಿದರು, ಮಗುವಿನ ಮೈ ಒರೆಸೋ ಹಾಗೆ, ಸಂದಿಗೊಂದಿ ಬಿಡದೆ. ಆಮೇಲೆ ನಿನ್ನೆಯ ಪೇಪರ್ ಕೇಳಿದರು. ಎರಡು ಬೆರಳಗಲದ ಪಟ್ಟಿ ಹರಿದು ನಾಲ್ಕು ಕಡೆ ಸುತ್ತಿದರು. ತಣ್ಣೀರು ಬರೋ ಪೈಪಿಗೆ, ಬಿಸಿನೀರು ಹೋಗೋ ಪೈಪಿಗೆ, ಸೇಫ್ಟಿ ವಾಲ್ವಿಗೆ, ಕಾಯಿಲ್ ಕೂರಿಸಿರೋ ಫ್ಲ್ಯಾಂಜ್ ಅನ್ನೋ ಮುಚ್ಚಳಕ್ಕೆ. ಪಂಪ್ ಹಾಕಿಸಿ, ಟಾರ್ಚ್ ಹಿಡಿದು ಸುಮ್ನೆ ಕೂತರು. ಮಾತಿಲ್ಲ, ಫೋನಿಲ್ಲ. ಪೇಪರನ್ನೇ ನೋಡ್ತಾ ಕೂತರು.

ಆರೇಳು ನಿಮಿಷಕ್ಕೆ ತಣ್ಣೀರಿನ ಪೈಪಿನ ಪಟ್ಟಿ ಅಂಚಿನಲ್ಲಿ ಕಪ್ಪಾಯಿತು. ನಟ್ಟು ಸಡಿಲಾಗಿತ್ತು. ಗಾಡಿ ಅಂದಮೇಲೆ ಅಲುಗಾಟ ಇದ್ದದ್ದೇ, ನಮ್ಮ ರಸ್ತೆಗಳಲ್ಲಂತೂ ಹೇಳೋದೇ ಬೇಡ. ಒಳಗಿನ ವಾಷರ್ ಕಲ್ಲಿನಂತಾಗಿತ್ತು. ಅದನ್ನು ಬದಲಿಸಿ, ಪಟ್ಟಿ ಹೊಸದು ಸುತ್ತಿ, ಸೀಟಿನ ಹತ್ತಿರ ಯಾರೂ ಹೋಗದ ಹಾಗೆ ನಮ್ಮನ್ನೆಲ್ಲ ಕೆಳಗಿಳಿಸಿ ಕರೆಂಟ್ ಕೊಟ್ಟರು. ನೀರು ಕಾದ ಮೇಲೆ ಮತ್ತೆ ಪ್ಲಗ್ ಕಿತ್ತು ನೋಡಿದರು. ವಾಲ್ವಿನ ಪಟ್ಟಿ ಒದ್ದೆ. "ಇದು ರೋಗ ಅಲ್ಲ, ಇದು ಅದರ ಕೆಲಸ" ಅಂದರು. ಆದರೆ ಫ್ಲ್ಯಾಂಜಿನ ಪಟ್ಟಿಯಲ್ಲೂ ತುಕ್ಕಿನ ಬಣ್ಣದ ಸಣ್ಣ ಕಲೆ. ಅದನ್ನು ಕಂಡಾಗ ಮಾತ್ರ ಚಾಚಾ ಮುಖ ಬಿಗಿಯಾಯಿತು. ಕರೆಂಟಿನ ವೈರು ಕೂರೋದು ಅಲ್ಲೇ. ಕಬ್ಬಿಣದ ಗಾಡಿ, ಒದ್ದೆ ನೆಲ, ಬರಿಗಾಲಲ್ಲಿ ಓಡಾಡೋ ಅತ್ತೆ. ನನಗೆ ಗಂಟಲು ಒಣಗಿತು.

ನೀರು ತಣ್ಣಗಾಗೋ ತನಕ ಕಾದು, ಟ್ಯಾಂಕ್ ಖಾಲಿ ಮಾಡಿ ಫ್ಲ್ಯಾಂಜ್ ಬಿಚ್ಚಿದರು. ಒಳಗಿಂದ ಬಿಳೀ ಸುಣ್ಣದ ಚಕ್ಕೆ ಬೊಗಸೆ ತುಂಬ ಬಂತು. ನಮ್ಮ ಕಡೆ ಬೋರಿನ ನೀರು ಎಷ್ಟು ಗಡಸು ಅಂತ ಗೊತ್ತಲ್ಲ, ನಾವು ಬಂಕು ಬಂಕುಗಳಲ್ಲಿ ತುಂಬಿಸಿಕೊಂಡಿದ್ದು ಅದನ್ನೇ. ಫ್ಲ್ಯಾಂಜಿನ ಸಂದಿಯಲ್ಲಿ ನೀರು ಸೋರದ ಹಾಗೆ ಕೂರಿಸೋ ಗ್ಯಾಸ್ಕೆಟ್ ಹಪ್ಪಳದಂತೆ ಮುರಿಯಿತು. ಜೊತೆಗೆ ಒಂದು ತಂತಿ ಬಂತು. ಮೂರು ವರ್ಷದ ಹಿಂದೆ ಅದು ಹೆಬ್ಬೆರಳು ದಪ್ಪದ ಮೆಗ್ನೀಸಿಯಂ ರಾಡ್ ಆಗಿತ್ತಂತೆ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯೋ ಬದಲು ತಾನು ಕರಗಿ ಹೋಗೋದೇ ಆ ರಾಡಿನ ಕೆಲಸ. ಅದು ಮುಗಿದ ಮೇಲೆ ನೀರು ಟ್ಯಾಂಕನ್ನೇ ತಿನ್ನೋಕೆ ಶುರು ಮಾಡುತ್ತೆ. ಗೀಸರ್ ಮಾರಿದವರು ಈ ರಾಡಿನ ವಿಷಯ ಒಂದು ಮಾತು ಹೇಳಿರಲಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಅಂತ ಹೇಳೋಕೆ ಏನು ಖರ್ಚು?

ಹೊಸ ಗ್ಯಾಸ್ಕೆಟ್, ಹೊಸ ರಾಡ್, ಟೆಫ್ಲಾನ್ ಟೇಪ್. ಬೋಲ್ಟುಗಳನ್ನ ಒಂದಾದ ಮೇಲೆ ಒಂದು ಸಾಲಾಗಿ ಬಿಗಿಯಲಿಲ್ಲ, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದರು. ಇಲ್ಲದಿದ್ದರೆ ಗ್ಯಾಸ್ಕೆಟ್ ಒಂದು ಕಡೆ ಎದ್ದುಕೊಳ್ಳುತ್ತಂತೆ. ವಾಲ್ವಿಗೆ ಒಂದು ಸಣ್ಣ ಪೈಪ್ ಸಿಕ್ಕಿಸಿ, ಗಾಡಿಯ ನೆಲಕ್ಕೆ ತೂತು ಹೊಡೆದು ಬಾಯಿಯನ್ನು ಹೊರಗೆ ಬಿಟ್ಟರು. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಕಟ್ಟಿ ಬರೋ ತನಕ ಸ್ವಿಚ್ ಮುಟ್ಟಬೇಡ, ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಡುತ್ತೆ ಅಂತ ಎರಡು ಸಲ ಹೇಳಿದರು. ಅರ್ಥಿಂಗ್ ನೋಡಿದರು. ಸಾಮಾನು, ಕೂಲಿ ಎಲ್ಲ ಸೇರಿ 940 ರೂಪಾಯಿ.

ನಮ್ಮವರು ಅಂಗಡಿಯವರ ಪರ ಮಾತಾಡ್ತಾರೆ. ಅರ್ಧ ದಿನ ಕೂತು 300 ರೂಪಾಯಿ ಕೂಲಿ ತಗೊಂಡರೆ ಅಂಗಡಿ ಬಾಡಿಗೆ ಎಲ್ಲಿಂದ ಕಟ್ಟಬೇಕು, ಹೊಸದು ಹಾಕಿದರೆ ವಾರಂಟಿನೂ ಇರುತ್ತೆ ಅಲ್ವಾ ಅಂತಾರೆ. ಆಗಲಿ. ನೋಡೋಕೆ ಇಷ್ಟು ಅಂತ ಕೇಳಿ, ಕೊಡ್ತೀನಿ. 500 ಕೇಳಿದರೂ ಕೊಡ್ತೀನಿ. ನೋಡದೆ ಟ್ಯಾಂಕ್ ಹೋಗಿದೆ ಅನ್ನಬೇಡಿ, ಅಷ್ಟೇ. ಟ್ಯಾಂಕೇ ತೂತಾಗಿದ್ದರೆ ಹೊಸದು ಹಾಕಲೇಬೇಕು, ಚಾಚಾನೂ ಹಾಗೇ ಅಂದರು. ನಾಲ್ಕು ಪಟ್ಟಿಯೂ ಒಣಗಿದ್ದು, ನೀರು ಗೀಸರಿನ ಹೊರಗಿನ ಕವಚದ ಒಳಗಿಂದ ಬಂದರೆ ಆಸೆ ಬಿಡು ಅಂದರು. ಆದರೆ ಆ ಮಾತು ಪಟ್ಟಿ ಸುತ್ತಿ ನೋಡಿದ ಮೇಲೆ ಹೇಳೋ ಮಾತು.

ನನಗೆ ಇಷ್ಟು ಸಿಟ್ಟು ಬರೋದಕ್ಕೆ ಇನ್ನೊಂದು ಕಾರಣ ಇದೆ. ಯಾರಿಗೂ ಹೇಳಿರಲಿಲ್ಲ. ಕೊಪ್ಪಳದ ನಮ್ಮ ಅಜ್ಜಿ ಮನೆಯಲ್ಲಿ ತಾಮ್ರದ ಬಂಬಾ ಇತ್ತು. ನಡುವೆ ಬೆಂಕಿ, ಸುತ್ತ ನೀರು. ಹಬ್ಬದ ದಿನ ಇಡೀ ಮನೆಗೆ ಅದೇ ನೀರು ಕಾಯಿಸ್ತಿತ್ತು. ಅಜ್ಜಿ ಇರೋ ತನಕ ಎರಡು ಸಲ ಬೆಸುಗೆ ಹಾಕಿಸಿದ್ದರು. ಅವರು ಹೋದ ಮೇಲೆ ಮತ್ತೆ ಸೋರತೊಡಗಿತು. 2009ರಲ್ಲಿ ಅದನ್ನು ತೂಕದ ಲೆಕ್ಕಕ್ಕೆ ಹಾಕಿದವಳು ನಾನು. ಸೋರುತ್ತಿದ್ದದ್ದು ಕೊಳಾಯಿಯ ಬುಡದಲ್ಲೋ, ತಳದಲ್ಲೋ? ಇವತ್ತಿಗೂ ಗೊತ್ತಿಲ್ಲ. ನಾನು ಬಗ್ಗಿ ನೋಡಲಿಲ್ಲ. ಚಾಚಾ ಪೇಪರ್ ಹಿಡಿದು ಕೂತಾಗ ನನ್ನ ಕಣ್ಣ ಮುಂದೆ ಆ ಬಂಬಾನೇ ಇತ್ತು.

ಸಂಜೆ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಇನ್ನೊಂದು ಸಲ ನೀರು ಕಾಯಿಸಿದೆ. ಪ್ಲಗ್ ಕಿತ್ತು ನೋಡಿದರೆ ಪೈಪುಗಳ ಪಟ್ಟಿ ಒಣಗಿದ್ದವು, ಫ್ಲ್ಯಾಂಜಿನದೂ. ಅತ್ತೆ ಒಳಗೆ ಕೂತು ಕಾಲಿಗೆ ನೀರು ಹಾಕಿಸಿಕೊಂಡರು, ನೋವು ಇಳಿದು ಕಣ್ಣು ಮುಚ್ಚಿದ್ದರು. ಅಷ್ಟರಲ್ಲಿ ಪಕ್ಕದ ಮನೆ ಹುಡುಗ ಸೈಕಲ್ ನಿಲ್ಲಿಸಿ, "ಆಂಟಿ, ನಿಮ್ಮ ಗಾಡಿ ಸೋರಾಕತ್ತೈತಿ" ಅಂತ ಕೂಗಿದ.

ಎಲ್ಲಿಂದ ನೋಡಪ್ಪ ಅಂದೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಮಂಡಿಯೂರಿ, ಕತ್ತು ಬಗ್ಗಿಸಿ ನೋಡಿದ.

"ಸಣ್ಣ ಪೈಪಿನಿಂದ ಆಂಟಿ. ಬಿಸಿ ಐತಿ."