"ನೀನು ಬಿಡಮ್ಮ, ನಾನು ನೋಡ್ಕೋತೀನಿ"

ಅಪ್ಪ ತೀರಿಕೊಂಡು ಹದಿನೈದು ದಿನಕ್ಕೆ ಅವರ ಬೀರು ತೆಗೆದೆವು. ಮೂರು ಪಾಸ್‌ಬುಕ್, ಎರಡು ಎಫ್‌ಡಿ ರಸೀದಿ, ಒಂದು ಎಲ್‌ಐಸಿ ಬಾಂಡ್. ಎಲ್ಲಿ ಎಷ್ಟಿದೆ ಅಂತ ಅಮ್ಮನಿಗೆ ಗೊತ್ತೇ ಇರಲಿಲ್ಲ. 41 ವರ್ಷ ಸಂಸಾರ ತೂಗಿಸಿದವಳು. ಹಾಲಿನ ಲೆಕ್ಕ, ಚೀಟಿ ಲೆಕ್ಕ ಬಾಯಲ್ಲೇ ಹೇಳುವವಳು. ಬ್ಯಾಂಕಿಗೆ ಹೋಗಿದ್ದು ಮಾತ್ರ ಅಪ್ಪ ತೋರಿಸಿದ ಕಡೆ ಸಹಿ ಹಾಕೋಕೆ.

ಒಂದು ಎಫ್‌ಡಿಗೆ ನಾಮಿನಿಯೇ ಇರಲಿಲ್ಲ. ನಾಡಕಚೇರಿಯಿಂದ ವಂಶವೃಕ್ಷ, ಅಫಿಡವಿಟ್ ಅಂತ ತಿಂಗಳುಗಟ್ಟಲೆ ಅಲೆದೆವು. ಇನ್ನೊಂದು ಖಾತೆಗೆ ಅಮ್ಮನ ಹೆಸರೂ ಸೇರಿಸಿ 'ಐದರ್ ಆರ್ ಸರ್ವೈವರ್' ಅಂತ ಬರೆಸಿದ್ದರು. ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದು, ಒಬ್ಬರು ಹೋದರೆ ಉಳಿದವರು ತೆಗೆಯಬಹುದು. ಅದರ ದುಡ್ಡಿಗೆ ಯಾವ ತೊಡಕೂ ಆಗಲಿಲ್ಲ.

ಓಡಾಡಿ ಸುಸ್ತಾಗಿದ್ದ ಅಮ್ಮನಿಗೆ ಒಂದು ದಿನ ಹೇಳಿದೆ, "ನೀನು ಬಿಡಮ್ಮ, ಇನ್ನು ಎಲ್ಲಾ ನಾನು ನೋಡ್ಕೋತೀನಿ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೂ ಹಂಗೇ ಅಂತಿದ್ರು ಕಣೇ" ಅಂದಳು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಪ್ಪ ಕೆಟ್ಟವರಲ್ಲ. ಅಮ್ಮನಿಗೆ ತೊಂದರೆ ಯಾಕೆ ಅಂತಲೇ ಎಲ್ಲಾ ತಾವೇ ಮಾಡಿದರು. ನಾವು ಜಾಸ್ತಿ ಪ್ರೀತಿಸುವವರ ಕೈಯಿಂದಲೇ ಕೆಲಸ ಕಿತ್ತುಕೊಳ್ಳುತ್ತೀವಿ, ಅಲ್ವಾ? ಕೈತುಂಬ ಸಂಬಳ ಬಂದರೂ ತನ್ನ ಎಟಿಎಂ ಪಿನ್ ತನಗೇ ಗೊತ್ತಿಲ್ಲದ ಗೆಳತಿಯರು ನನಗಿದ್ದಾರೆ.

ಇನ್ನೊಂದು ಯೋಚನೆಯೂ ಕಾಡುತ್ತದೆ. ಅಮ್ಮನೇ ಮೊದಲು ಹೋಗಿದ್ದರೆ? ಅನ್ನಕ್ಕೆ ಎಷ್ಟು ನೀರಿಡಬೇಕು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ತಮ್ಮ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಈಗ ನನ್ನ ಮಗ ಒಗ್ಗರಣೆ ಹಾಕಲು ಕಲಿಯುತ್ತಿದ್ದಾನೆ. ಸಾಸಿವೆ ಸೀಯುತ್ತದೆ. ಸೀಯಲಿ.

ಅಮ್ಮನಿಗೆ ಕಲಿಸಲು ಮೂರು ತಿಂಗಳು ಬೇಕಾಯಿತು. ಮೊದಲು ದುಡ್ಡು ತೆಗೆಯುವ ಫಾರಂ, ಆಮೇಲೆ ಎಟಿಎಂ. ಫೋನ್‌ಪೇ ಅಂದರೆ ಭಯಪಡುತ್ತಿದ್ದಳು. ದಿನಾ ನನಗೆ ಹತ್ತು ರೂಪಾಯಿ ಕಳಿಸಿ ಕೈ ಪಳಗಿಸಿಕೊಂಡಳು. "ದುಡ್ಡು ಕಳಿಸೋಕೆ ಮಾತ್ರ ಪಿನ್. ನಮಗೆ ಬರೋ ದುಡ್ಡಿಗೆ ಪಿನ್ ಕೇಳಿದರೆ ಅದು ಮೋಸ" ಅಂತ ಹೇಳಿದ್ದನ್ನು ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು. ಕೆಳಗೆ ಸೈಬರ್ ವಂಚನೆಯ ಸಹಾಯವಾಣಿ 1930. ಕೈ ತಡವರಿಸಿದಾಗ ಫೋನ್ ಕಿತ್ತುಕೊಂಡು ನಾನೇ ಒತ್ತಿಬಿಡೋಣ ಅನ್ನಿಸುತ್ತಿತ್ತು. ತಡೆದುಕೊಳ್ಳುವುದೇ ನನಗೆ ಕಷ್ಟವಾಗಿತ್ತು.

ನಿಮ್ಮ ಅಪ್ಪ ಅಮ್ಮ ಇಬ್ಬರೂ ಇದ್ದರೆ ದಯವಿಟ್ಟು ಈ ಭಾನುವಾರವೇ ಕೂರಿಸಿ ಮಾತಾಡಿ. ಪ್ರತಿ ಖಾತೆಯ ನಾಮಿನಿ ನೋಡಿ. 2025ರ ನವೆಂಬರಿನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೂ ನಾಮಿನಿ ಇಡಬಹುದು. ಅಮ್ಮ ಬ್ಯಾಂಕಿಗೆ ಹೋಗಲಿ, ಅಪ್ಪ ಕುಕ್ಕರ್ ಇಡಲಿ.

ಅಮ್ಮನ ಫ್ಯಾಮಿಲಿ ಪೆನ್ಶನ್‌ಗೆ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್, ಅಂದರೆ ಬದುಕಿದ್ದೇನೆ ಅನ್ನೋ ದಾಖಲೆ, ಕೊಡಬೇಕಿತ್ತು. ಶನಿವಾರ ಬರ್ತೀನಿ ಅಂದಿದ್ದೆ. ಗುರುವಾರವೇ ಅಮ್ಮನ ಫೋನ್. ಬಸ್ಸಿನಲ್ಲಿ ಆಧಾರ್ ತೋರಿಸಿ, ಒಬ್ಬಳೇ ಹೋಗಿ ಕೆಲಸ ಮುಗಿಸಿಕೊಂಡು ಬಂದಿದ್ದಳು.

"ಪಕ್ಕದಲ್ಲಿ ಒಬ್ಬರು ಪಾಪ ಒದ್ದಾಡ್ತಿದ್ರು ಕಣೇ. ಅವರ ಫಾರಮ್ಮೂ ತುಂಬಿಕೊಟ್ಟೆ" ಅಂದಳು.